ಕಿಣ್ವ ಮಾಡುವುದೇನು, ಮಾಡದಿರುವುದೇನು: ಓದುಗರ ಪ್ರಶ್ನೆಗಳಿಗೆ ಉತ್ತರ

ಕಿಣ್ವಗಳ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಒಂದೇ ಬಗೆಯವನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಿದ್ದೇವೆ. ಪ್ರಯೋಗದ ಕುರಿತ ಪ್ರಶ್ನೆಗೆ ಹೆಚ್ಚು ಜಾಗ ಕೊಟ್ಟಿದ್ದೇವೆ, ಏಕೆಂದರೆ ಎಡವುವವರು ಹೆಚ್ಚು ಇರುವುದು ಅಲ್ಲೇ.

ಪ್ರಶ್ನೆ: ಕಿಣ್ವ ಕ್ರಿಯೆಯನ್ನು ಲಕ್ಷಾಂತರ ಪಟ್ಟು ವೇಗಗೊಳಿಸುತ್ತದೆ, ಆದರೆ ತಾನು ಖರ್ಚಾಗುವುದಿಲ್ಲ ಎಂದು ಪಠ್ಯದಲ್ಲಿದೆ. ಹಾಗಾದರೆ ಅಷ್ಟೊಂದು ಶಕ್ತಿ ಎಲ್ಲಿಂದ ಬರುತ್ತದೆ?

ಉತ್ತರ: ಕಿಣ್ವ ಶಕ್ತಿಯನ್ನು ಕೊಡುವುದೇ ಇಲ್ಲ. ಯಾವುದೇ ಕ್ರಿಯೆಯಲ್ಲಿ ಅಣುವಿನ ಹಳೆಯ ಬಂಧ ಹಿಗ್ಗಿ, ಹೊಸ ಬಂಧ ಇನ್ನೂ ಪೂರ್ತಿ ಕೂಡದ ಒಂದು ಅಸ್ಥಿರ ಘಟ್ಟ ಬರುತ್ತದೆ. ಅದೇ ಸಂಕ್ರಮಣ ಸ್ಥಿತಿ. ಅಲ್ಲಿಯವರೆಗೆ ಏರಲು ಬೇಕಾದ ಶಕ್ತಿ ಅಣುಗಳಿಗೆ ತಮ್ಮ ಉಷ್ಣ ಚಲನೆಯಿಂದಲೇ ಸಿಗಬೇಕು. ಈ ಏರೇ ಕ್ರಿಯೆಗಿರುವ ತಡೆ. ತಡೆ ಎತ್ತರವಾಗಿದ್ದಷ್ಟೂ ದಾಟುವ ಅಣುಗಳು ಕಡಿಮೆ. ಕಿಣ್ವ ಆ ಅಸ್ಥಿರ ಘಟ್ಟದಲ್ಲಿರುವ ಅಣುವಿಗೆ ಆಸರೆ ಕೊಡುತ್ತದೆ. ವಿರುದ್ಧ ವಿದ್ಯುದಾವೇಶವನ್ನು ಪಕ್ಕಕ್ಕೆ ತರುತ್ತದೆ, ಬೇಕಾದಲ್ಲಿ ಒಂದು ಪ್ರೋಟಾನ್ ಕೊಡುತ್ತದೆ ಇಲ್ಲವೇ ತೆಗೆದುಕೊಳ್ಳುತ್ತದೆ, ಅಡ್ಡಾದಿಡ್ಡಿ ತಿರುಗುವ ಅಣುವನ್ನು ಸರಿಯಾದ ಕೋನದಲ್ಲಿ ನಿಲ್ಲಿಸುತ್ತದೆ. ಹೀಗೆ ತಡೆ ತಗ್ಗುತ್ತದೆ.

ಎಷ್ಟು ತಗ್ಗಬೇಕು ಎಂಬ ಲೆಕ್ಕವನ್ನು ಒಮ್ಮೆ ನೋಡಿದರೆ ಬೆರಗಾಗುತ್ತದೆ. 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ತಡೆ ಪ್ರತಿ ಮೋಲ್‌ಗೆ ಸುಮಾರು 5.9 ಕಿಲೋಜೌಲ್ ಇಳಿದರೆ ಸಾಕು, ವೇಗ 10 ಪಟ್ಟು ಏರುತ್ತದೆ. ಒಂದು ಒಳ್ಳೆಯ ಹೈಡ್ರೋಜನ್ ಬಂಧದಿಂದ ಅಷ್ಟು ಸಿಗುತ್ತದೆ. ಇಂಥ ಹಲವು ಸಣ್ಣ ಆಸರೆಗಳು ಸೇರಿದಾಗ ಏನಾಗಬಹುದು ಎಂಬುದಕ್ಕೆ ಒರೊಟಿಡಿನ್ ಮಾನೊಫಾಸ್ಫೇಟ್ ಡಿಕಾರ್ಬಾಕ್ಸಿಲೇಸ್ ಕಿಣ್ವವನ್ನು ನೋಡಿ. ಆರ್‌ಎನ್‌ಎ, ಡಿಎನ್‌ಎಗಳ ಘಟಕಗಳನ್ನು ತಯಾರಿಸುವ ಹಾದಿಯಲ್ಲಿ ಅದು ಒಂದು ಹಂತ. ಕಿಣ್ವವಿಲ್ಲದೆ ಬರಿಯ ನೀರಿನಲ್ಲಿ ಅರ್ಧದಷ್ಟು ಅಣುಗಳು ಬದಲಾಗಲು ಸುಮಾರು 7.8 ಕೋಟಿ ವರ್ಷ ಬೇಕೆಂದು ಅಂದಾಜು. ಕಿಣ್ವದ ಹಿಡಿತದಲ್ಲಿ ಅದೇ ಕೆಲಸಕ್ಕೆ ಸೆಕೆಂಡಿನ ಐವತ್ತನೇ ಒಂದು ಭಾಗ ಸಾಕು. ವೇಗ ಹೆಚ್ಚುವುದು 10ರ 17ನೇ ಘಾತದಷ್ಟು, ಅಂದರೆ ತಡೆ ಇಳಿದದ್ದು ಸುಮಾರು 100 ಕಿಲೋಜೌಲ್.

ಆದರೆ ಕ್ರಿಯೆ ಕೊನೆಗೆ ಎಲ್ಲಿ ನಿಲ್ಲಬೇಕು ಎಂಬುದನ್ನು ಕಿಣ್ವ ಬದಲಿಸಲಾರದು. ಅದು ಮುಂದಿನ ಕ್ರಿಯೆಯನ್ನೂ ಹಿಂದಿನ ಕ್ರಿಯೆಯನ್ನೂ ಒಂದೇ ಪ್ರಮಾಣದಲ್ಲಿ ಚುರುಕುಗೊಳಿಸುತ್ತದೆ. ಕೆಂಪು ರಕ್ತಕಣದಲ್ಲಿರುವ ಕಾರ್ಬಾನಿಕ್ ಅನ್‌ಹೈಡ್ರೇಸ್ ಅಂಗಾಂಶಗಳಲ್ಲಿ ಇಂಗಾಲದ ಡೈಆಕ್ಸೈಡನ್ನು ಬೈಕಾರ್ಬನೇಟ್ ಮಾಡುತ್ತದೆ, ಶ್ವಾಸಕೋಶ ತಲುಪಿದ ಮೇಲೆ ಅದೇ ಕಿಣ್ವ ಬೈಕಾರ್ಬನೇಟನ್ನು ಮತ್ತೆ ಅನಿಲವಾಗಿಸುತ್ತದೆ. ದಿಕ್ಕನ್ನು ತೀರ್ಮಾನಿಸುವುದು ಅಲ್ಲಿನ ಅನಿಲದ ಪ್ರಮಾಣ. ರಕ್ತ ಲೋಮನಾಳದಲ್ಲಿರುವುದು ಸುಮಾರು ಒಂದು ಸೆಕೆಂಡು ಮಾತ್ರ. ಕಿಣ್ವವಿಲ್ಲದಿದ್ದರೆ ಅಷ್ಟರಲ್ಲಿ ಕ್ರಿಯೆ ಮುಗಿಯುವುದೇ ಇಲ್ಲ. ತಾನಾಗಿ ನಡೆಯದ ಕ್ರಿಯೆಯನ್ನು ಜೀವಕೋಶ ನಡೆಸಬೇಕಾದಾಗ ಅದನ್ನು ತನ್ನ ಶಕ್ತಿವಾಹಕ ಅಣುವಾದ ಎಟಿಪಿಯನ್ನು ಒಡೆಯುವ ಕ್ರಿಯೆಯ ಜೊತೆ ಜೋಡಿಸುತ್ತದೆ. ಆಗಲೂ ಶಕ್ತಿ ಎಟಿಪಿಯದು, ಕಿಣ್ವದ್ದಲ್ಲ.

‘ಖರ್ಚಾಗುವುದಿಲ್ಲ’ ಎಂಬುದನ್ನು ‘ಶಾಶ್ವತ’ ಎಂದು ಓದಬೇಡಿ. ಒಂದೊಂದು ಸುತ್ತಿನ ಕೊನೆಗೂ ಕಿಣ್ವ ಮೊದಲಿನಂತಾಗುತ್ತದೆ ಎಂದಷ್ಟೇ ಅದರ ಅರ್ಥ. ಜೀವಕೋಶ ಹಳೆಯ ಕಿಣ್ವವನ್ನು ಒಡೆದು ಹೊಸದನ್ನು ಕಟ್ಟುತ್ತಲೇ ಇರುತ್ತದೆ.

ಪ್ರಶ್ನೆ: ಬೀಗ ಮತ್ತು ಕೀಲಿಯ ಮಾದರಿ ಹಳತಾಯಿತು ಎನ್ನುತ್ತಾರೆ. ಈಗ ಸರಿಯಾದದ್ದು ಯಾವುದು?

ಉತ್ತರ: ಎಮಿಲ್ ಫಿಷರ್ 1894ರಲ್ಲಿ ಕೊಟ್ಟ ಆ ಮಾದರಿ, ಕಿಣ್ವ ಅಣುಗಳನ್ನು ಆಯ್ದು ಹಿಡಿಯುವುದೇಕೆ ಎಂಬುದನ್ನು ಚೆನ್ನಾಗಿ ವಿವರಿಸುತ್ತದೆ. ವೇಗ ಏಕೆ ಹೆಚ್ಚುತ್ತದೆ ಎಂಬುದನ್ನು ವಿವರಿಸುವುದಿಲ್ಲ. ಅಣುವಿನ ಆರಂಭದ ರೂಪಕ್ಕೇ ಕಿಣ್ವ ಪೂರ್ತಿ ಹೊಂದಿಕೊಂಡು ಬಿಗಿಯಾಗಿ ಹಿಡಿದುಬಿಟ್ಟರೆ ಅಣು ಅಲ್ಲೇ ನೆಮ್ಮದಿಯಾಗಿ ಕೂರುತ್ತದೆ, ಕ್ರಿಯೆ ಇನ್ನೂ ನಿಧಾನವಾಗುತ್ತದೆ. ಕಿಣ್ವದ ಹಿಡಿತ ಅತಿ ಬಿಗಿಯಾಗಬೇಕಾದದ್ದು ಸಂಕ್ರಮಣ ಸ್ಥಿತಿಯಲ್ಲಿ. 1940ರ ದಶಕದಲ್ಲಿ ಲೈನಸ್ ಪಾಲಿಂಗ್ ಹೇಳಿದ ಈ ಮಾತು ಇಂದಿಗೂ ಕಿಣ್ವವಿಜ್ಞಾನದ ನಡುಗಂಬ. ಆ ಘಟ್ಟವನ್ನು ಹೋಲುವ ಅಣುವನ್ನು ತಯಾರಿಸಿದರೆ ಅದು ಕಿಣ್ವಕ್ಕೆ ಅಂಟಿ ಕೂತು ಅದರ ಕೆಲಸವನ್ನು ತಡೆಯುತ್ತದೆ. ಇನ್‌ಫ್ಲುಯೆಂಜಾಕ್ಕೆ ಕೊಡುವ ಒಸೆಲ್ಟಾಮಿವಿರ್ ಔಷಧವನ್ನು ರೂಪಿಸಿದ್ದು ಈ ದಾರಿಯಲ್ಲೇ.

1958ರಲ್ಲಿ ಡೇನಿಯಲ್ ಕೊಷ್‌ಲ್ಯಾಂಡ್ ಇನ್ನೊಂದನ್ನು ಸೇರಿಸಿದರು: ಅಣು ಬಂದು ಕೂತಾಗ ಕಿಣ್ವವೂ ಆಕಾರ ಬದಲಿಸುತ್ತದೆ. ಹೆಕ್ಸೊಕೈನೇಸ್ ಇದಕ್ಕೆ ಸ್ಪಷ್ಟ ಉದಾಹರಣೆ. ಎಟಿಪಿಯ ಫಾಸ್ಫೇಟನ್ನು ಗ್ಲೂಕೋಸಿನ ಆರನೇ ಇಂಗಾಲದ ಹೈಡ್ರಾಕ್ಸಿಲ್‌ಗೆ ದಾಟಿಸುವುದು ಅದರ ಕೆಲಸ. ನೀರಿನಲ್ಲೂ ಅದೇ ಹೈಡ್ರಾಕ್ಸಿಲ್ ಇದೆ, ಸುತ್ತಲೂ ಇರುವುದೆಲ್ಲ ನೀರೇ. ಹಾಗಿದ್ದೂ ಫಾಸ್ಫೇಟ್ ನೀರಿನ ಪಾಲಾಗುವುದಿಲ್ಲ, ಏಕೆಂದರೆ ಗ್ಲೂಕೋಸ್ ಕೂತ ಮೇಲೆಯೇ ಕಿಣ್ವದ ಎರಡು ಹೋಳುಗಳು ಹತ್ತಿರ ಸರಿದು ಮುಚ್ಚಿಕೊಳ್ಳುತ್ತವೆ, ನೀರು ಹೊರಗೆ ಹೋಗುತ್ತದೆ. ಗ್ಲೂಕೋಸಿನ ಬದಲು ಝೈಲೋಸ್ ಕೊಟ್ಟರೆ ಏನಾಗುತ್ತದೆ? ಅದಕ್ಕೆ ಆರನೇ ಇಂಗಾಲವಿಲ್ಲ. ಕಿಣ್ವ ಮುಚ್ಚಿಕೊಳ್ಳುತ್ತದೆ, ಆದರೆ ಖಾಲಿ ಉಳಿದ ಜಾಗದಲ್ಲಿ ನೀರಿನ ಅಣು ಸಿಕ್ಕಿಕೊಂಡು ಎಟಿಪಿ ವ್ಯರ್ಥವಾಗಿ ಒಡೆಯತೊಡಗುತ್ತದೆ. ಆಕಾರ ಬದಲಾವಣೆಯ ಪ್ರಯೋಜನವನ್ನು ಇದಕ್ಕಿಂತ ನೇರವಾಗಿ ತೋರಿಸುವ ಪ್ರಯೋಗ ಕಡಿಮೆ.

ಪ್ರಶ್ನೆ: ಜೊಲ್ಲುರಸದ ಅಮೈಲೇಸ್ ಪಿಷ್ಟವನ್ನು ಒಡೆಯುವ ಪ್ರಯೋಗವನ್ನು ತರಗತಿಯಲ್ಲಿ ಮಾಡಿಸುತ್ತೇವೆ. ಅಯೋಡಿನ್ ಪರೀಕ್ಷೆಯಲ್ಲಿ ಪಿಷ್ಟ ತೋರಿಸುವ ನೀಲಿ ಬಣ್ಣ ಒಮ್ಮೆ ತಕ್ಷಣ ಹೋಗುತ್ತದೆ, ಒಮ್ಮೆ ಹೋಗುವುದೇ ಇಲ್ಲ. ಬಿಸಿ ಪ್ರನಾಳದಲ್ಲಿ ಕಿಣ್ವ ಸತ್ತಿರಬೇಕು, ಆದರೂ ಬಣ್ಣ ಬರುವುದಿಲ್ಲ. ಎಲ್ಲಿ ತಪ್ಪುತ್ತಿದೆ?

ಉತ್ತರ: ಮೊದಲು ದ್ರಾವಣಗಳು. ಕರಗುವ ಪಿಷ್ಟ 1 ಗ್ರಾಂ ತೆಗೆದುಕೊಂಡು ಸ್ವಲ್ಪ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ. ಅದನ್ನು ಕುದಿಯುವ 90 ಮಿ.ಲೀ. ನೀರಿಗೆ ಸುರಿದು ಒಂದೆರಡು ನಿಮಿಷ ಕುದಿಸಿ, ಪೂರ್ತಿ ಆರಿದ ಮೇಲೆ 100 ಮಿ.ಲೀ.ಗೆ ತನ್ನಿ. ಕುದಿಸುವುದನ್ನು ಬಿಡಬಾರದು. ಹಸಿ ಪಿಷ್ಟದ ಕಣಗಳು ಬಿಗಿಯಾಗಿ ಅಡಕವಾಗಿರುವುದರಿಂದ ಅಮೈಲೇಸ್ ಒಳಗೆ ಹೋಗಲು ತಿಣುಕುತ್ತದೆ. ಇದಕ್ಕೆ ಅಡುಗೆ ಉಪ್ಪು 0.25 ಗ್ರಾಂ ಸೇರಿಸಿ. ಜೊಲ್ಲುರಸದ ಅಮೈಲೇಸ್ ಚುರುಕಾಗಿರಲು ಕ್ಲೋರೈಡ್ ಬೇಕು. ಜೊಲ್ಲನ್ನು ಶುದ್ಧೀಕರಿಸಿದ ನೀರಿನಲ್ಲಿ ತೆಳುಮಾಡಿದಾಗ ಕ್ಲೋರೈಡ್ ಕೂಡ ತೆಳುವಾಗುತ್ತದೆ. ‘ಬಣ್ಣ ಹೋಗುವುದೇ ಇಲ್ಲ’ ಎಂಬ ದೂರಿಗೆ ಇದೊಂದು ಸಾಮಾನ್ಯ ಕಾರಣ.

ಅಯೋಡಿನ್ ದ್ರಾವಣಕ್ಕೆ ಪೊಟ್ಯಾಸಿಯಂ ಅಯೋಡೈಡ್ 2 ಗ್ರಾಂ ಅನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ, ಅದರಲ್ಲಿ ಅಯೋಡಿನ್ 1 ಗ್ರಾಂ ಕರಗಿಸಿ, ಆಮೇಲೆ 300 ಮಿ.ಲೀ.ಗೆ ನೀರು ಹಾಕಿ. ಕ್ರಮ ತಿರುಗಿದರೆ ಅಯೋಡಿನ್ ತಳದಲ್ಲೇ ಉಳಿಯುತ್ತದೆ.

ಕಿಣ್ವಕ್ಕೆ, ಬಾಯಿ ಮುಕ್ಕಳಿಸಿ ಐದು ನಿಮಿಷ ಬಿಟ್ಟು 2 ಮಿ.ಲೀ. ಜೊಲ್ಲು ಸಂಗ್ರಹಿಸಿ 20 ಮಿ.ಲೀ.ಗೆ ತೆಳುಮಾಡಿ. ಒಬ್ಬೊಬ್ಬರೂ ತಮ್ಮ ಜೊಲ್ಲನ್ನಷ್ಟೇ ಬಳಸಲಿ. ಕೆಲಸ ಮುಗಿದ ಮೇಲೆ ಪ್ರನಾಳಗಳನ್ನು ಬ್ಲೀಚ್ ದ್ರಾವಣದಲ್ಲಿ ಅದ್ದಿಡಿ. ಅಮೈಲೇಸ್ ಪ್ರಮಾಣ ಒಬ್ಬರಿಂದ ಒಬ್ಬರಿಗೆ ತುಂಬ ವ್ಯತ್ಯಾಸವಾಗುತ್ತದೆ. ಮೊದಲ ಹನಿ ತೆಗೆಯುವಷ್ಟರಲ್ಲೇ ಬಣ್ಣ ಹೋಗಿದ್ದರೆ 20 ಪಟ್ಟು, ಆಗಲೂ ಹೋದರೆ 50 ಪಟ್ಟು ತೆಳುಮಾಡಿ. 37 ಡಿಗ್ರಿಯಲ್ಲಿ ಮೂರರಿಂದ ಆರು ನಿಮಿಷದಲ್ಲಿ ಬಣ್ಣ ಹೋಗುವ ಸಾಂದ್ರತೆಯನ್ನು ಮೊದಲೇ ಗೊತ್ತುಮಾಡಿಕೊಂಡರೆ ಉಳಿದ ಅಳತೆಗಳಿಗೆ ಅರ್ಥ ಬರುತ್ತದೆ.

ಒಂದು ಪ್ರನಾಳದಲ್ಲಿ 5 ಮಿ.ಲೀ. ಪಿಷ್ಟ ಮತ್ತು ಪಿಎಚ್ 6.8ರ ಫಾಸ್ಫೇಟ್ ಬಫರ್ 1 ಮಿ.ಲೀ., ಇನ್ನೊಂದರಲ್ಲಿ ಕಿಣ್ವ 1 ಮಿ.ಲೀ. ಎರಡನ್ನೂ 37 ಡಿಗ್ರಿಯ ನೀರಿನಲ್ಲಿ ಐದು ನಿಮಿಷ ಬೇರೆ ಬೇರೆಯಾಗಿಯೇ ಇಟ್ಟು, ಆಮೇಲೆ ಬೆರೆಸಿ ಗಡಿಯಾರ ಒತ್ತಿ. ಬೆರೆಸಿದ ಮೇಲೆ ಬಿಸಿ ಮಾಡಲು ಹೊರಟರೆ ಕ್ರಿಯೆ ನಡೆದದ್ದು ಯಾವ ಉಷ್ಣತೆಯಲ್ಲಿ ಎಂದು ಹೇಳಲು ಬರುವುದಿಲ್ಲ. ಬಿಳಿ ಟೈಲಿನ ಗುಳಿಗಳಲ್ಲಿ ಅಯೋಡಿನ್ ಒಂದೊಂದು ಹನಿ ಮೊದಲೇ ಇಟ್ಟಿರಿ. ಪ್ರತಿ 30 ಸೆಕೆಂಡಿಗೆ ಒಂದು ಹನಿ ಮಿಶ್ರಣವನ್ನು ಅದಕ್ಕೆ ಸೇರಿಸಿ. ಕಡುನೀಲಿ, ನೇರಳೆ, ಕೆಂಪುಕಂದು, ಕೊನೆಗೆ ಅಯೋಡಿನ್‌ನದೇ ಹಳದಿ ಎಂಬ ಸರಣಿ ಕಾಣಬೇಕು. ನಡುವಿನ ಬಣ್ಣಗಳು ಅರ್ಧ ಒಡೆದ ಡೆಕ್ಸ್‌ಟ್ರಿನ್‌ಗಳದು. ಅಯೋಡಿನ್ನನ್ನು ಪ್ರನಾಳಕ್ಕೇ ಸುರಿದು ಬಣ್ಣ ಹೋಗುವುದನ್ನು ಕಾಯುವ ಅಡ್ಡದಾರಿ ಬೇಡ. ಅಯೋಡಿನ್ ಪಿಷ್ಟದ ಸುರುಳಿಯೊಳಗೆ ಸೇರಿಕೊಂಡು ಕಿಣ್ವಕ್ಕೆ ಅಡ್ಡಿಯಾಗುತ್ತದೆ, ಕಿಣ್ವವನ್ನೂ ಕೆಡಿಸುತ್ತದೆ.

ಇನ್ನು ಬಿಸಿ ಪ್ರನಾಳ. ಅಲ್ಲಿ ಕಿಣ್ವದ ತಪ್ಪೇನೂ ಇಲ್ಲ. ಪಿಷ್ಟ–ಅಯೋಡಿನ್‌ನ ನೀಲಿ ಸಂಯೋಗವೇ ಬಿಸಿಯಲ್ಲಿ ಬಿಡಿಬಿಡಿಯಾಗುತ್ತದೆ, ಆರಿದಾಗ ಮತ್ತೆ ನೀಲಿ ಮೂಡುತ್ತದೆ. 70–80 ಡಿಗ್ರಿಯ ಮಿಶ್ರಣವನ್ನು ಹಾಗೇ ಪರೀಕ್ಷಿಸಿದರೆ ಪಿಷ್ಟ ಇದ್ದರೂ ಇಲ್ಲವೆನಿಸುತ್ತದೆ. ಹನಿಯನ್ನು ಟೈಲಿನ ಮೇಲೆ ಆರಲು ಬಿಟ್ಟು ನೋಡಿ. ಕ್ಷಾರದ ಪ್ರನಾಳದಲ್ಲೂ ಇಂಥದೇ ಮೋಸವಿದೆ. ಪಿಎಚ್ 10 ದಾಟಿದರೆ ಅಯೋಡಿನ್ ಕ್ಷಾರದೊಂದಿಗೆ ಕ್ರಿಯೆ ನಡೆಸಿ ತಾನೇ ಮಾಯವಾಗುತ್ತದೆ. ಆ ಹನಿಗೆ ಸ್ವಲ್ಪ ದುರ್ಬಲ ಆಮ್ಲ ಸೇರಿಸಿ ಕ್ಷಾರವನ್ನು ತಟಸ್ಥಗೊಳಿಸಿದ ಮೇಲೆ ಅಯೋಡಿನ್ ಹಾಕಬೇಕು. ಹಾಗಾಗಿ ಪ್ರತಿಯೊಂದು ಉಷ್ಣತೆಗೂ ಪ್ರತಿಯೊಂದು ಪಿಎಚ್‌ಗೂ, ಕುದಿಸಿ ಆರಿಸಿದ ಕಿಣ್ವ ಹಾಕಿದ ಜೋಡಿ ಪ್ರನಾಳ ಇರಲೇಬೇಕು. ಅದರಲ್ಲೂ ನೀಲಿ ಕಾಣದಿದ್ದರೆ ಫಲಿತಾಂಶ ಬರೆಯಬೇಡಿ, ಪರೀಕ್ಷೆಯ ವಿಧಾನವನ್ನು ಸರಿಪಡಿಸಿ.

ಪ್ರಶ್ನೆ: ಶೀತದಲ್ಲಿ ಇಟ್ಟ ಕಿಣ್ವ ಬೆಚ್ಚಗೆ ಮಾಡಿದರೆ ಮತ್ತೆ ಕೆಲಸ ಮಾಡುತ್ತದೆ, ಕುದಿಸಿದ್ದು ಮಾಡುವುದಿಲ್ಲ. ಏಕೆ?

ಉತ್ತರ: ಕಿಣ್ವವೆಂದರೆ ಮಡಿಚಿಕೊಂಡ ಅಮೈನೋ ಆಮ್ಲಗಳ ಸರಪಳಿ. ಶೀತದಲ್ಲಿ ಆ ಮಡಿಕೆ ಹಾಗೇ ಇರುತ್ತದೆ, ಅಣುಗಳ ಓಡಾಟವಷ್ಟೇ ಕಡಿಮೆ. ಕುದಿಸಿದಾಗ ಮಡಿಕೆಯೇ ಬಿಚ್ಚಿಹೋಗುತ್ತದೆ. ಕ್ರಿಯಾತಾಣದ ಅಮೈನೋ ಆಮ್ಲಗಳು ಸರಪಳಿಯಲ್ಲಿ ದೂರ ದೂರ ಇರುತ್ತವೆ, ಮಡಿಕೆಯಿಂದ ಮಾತ್ರ ಹತ್ತಿರ ಬಂದಿರುತ್ತವೆ. ಪ್ರೋಟೀನ್ ಒಡೆಯುವ ಕಿಣ್ವವಾದ ಕೈಮೊಟ್ರಿಪ್ಸಿನ್‌ನಲ್ಲಿ ಜೊತೆಯಾಗಿ ಕೆಲಸ ಮಾಡುವ ಮೂರು ಅಮೈನೋ ಆಮ್ಲಗಳ ಸ್ಥಾನಗಳು 57, 102 ಮತ್ತು 195. ಸರಪಳಿ ಬಿಚ್ಚಿದರೆ ಆ ತಾಣವೇ ಇಲ್ಲ. ಬಿಚ್ಚಿದ ಸರಪಳಿಗಳು ಒಂದಕ್ಕೊಂದು ಅಂಟಿಕೊಂಡು ಗಟ್ಟಿಯಾಗುವುದರಿಂದ ಆರಿದ ಮೇಲೂ ಮರಳಿ ಮಡಿಕೆಯಾಗುವುದು ಅಪರೂಪ.

‘ಅತ್ಯುತ್ತಮ ಉಷ್ಣತೆ’ಯನ್ನು ಕಿಣ್ವದ ಸ್ಥಿರ ಗುಣವೆಂದು ಬರೆಯುವುದು ಅಷ್ಟು ಸರಿಯಲ್ಲ ಎಂಬುದು ನಮ್ಮ ಅಭಿಪ್ರಾಯ. ಪ್ರತಿ 10 ಡಿಗ್ರಿಗೆ ವೇಗ ಸರಿಸುಮಾರು ಎರಡು ಪಟ್ಟಾಗುವುದು ಒಂದು ಕಡೆ, ಕಿಣ್ವ ಕೆಡುವ ವೇಗ ಇನ್ನೊಂದು ಕಡೆ. ಅಳತೆ ಎರಡು ನಿಮಿಷದ್ದಾದರೆ ಶಿಖರ ಮೇಲಿನ ಉಷ್ಣತೆಯಲ್ಲಿ ಸಿಗುತ್ತದೆ, ಒಂದು ಗಂಟೆಯದ್ದಾದರೆ ಕೆಳಗೆ ಜಾರುತ್ತದೆ. ಹಾಗಾಗಿ ಎಷ್ಟು ಹೊತ್ತು ಅಳೆದಿರಿ ಎಂಬುದನ್ನೂ ಬರೆಯಿರಿ. ಡಿಎನ್‌ಎಯ ಪ್ರತಿಗಳನ್ನು ಮಾಡುವ ಪಿಸಿಆರ್ ವಿಧಾನಕ್ಕೆ ಬಳಸುವ ಟ್ಯಾಕ್ ಪಾಲಿಮರೇಸ್ ಬಿಸಿನೀರ ಬುಗ್ಗೆಯ ಬ್ಯಾಕ್ಟೀರಿಯಾದ್ದು. 95 ಡಿಗ್ರಿಯಲ್ಲಿ ಅದರ ಅರ್ಧದಷ್ಟು ಚಟುವಟಿಕೆ ಉಡುಗಲು ಸುಮಾರು 40 ನಿಮಿಷ ಬೇಕು.

ಪ್ರಶ್ನೆ: ಕೆಎಂ ಎಂದರೆ ಏನೆಂದು ಸುಲಭವಾಗಿ ಹೇಳಿ.

ಉತ್ತರ: ಕಿಣ್ವ ಹಿಡಿಯುವ ಅಣುವಿಗೆ ಸಬ್‌ಸ್ಟ್ರೇಟ್ ಎನ್ನುತ್ತೇವೆ. ಕಿಣ್ವ ತನ್ನ ಗರಿಷ್ಠ ವೇಗದ ಅರ್ಧಕ್ಕೆ ಬರಲು ಬೇಕಾದ ಸಬ್‌ಸ್ಟ್ರೇಟ್ ಸಾಂದ್ರತೆಯೇ ಕೆಎಂ. ಮೈಕೆಲಿಸ್ ಮತ್ತು ಮೆಂಟೆನ್ 1913ರಲ್ಲಿ ಪ್ರಕಟಿಸಿದ ಸಮೀಕರಣದಿಂದ ಬಂದದ್ದು ಇದು. ಸಾಂದ್ರತೆ ಕೆಎಂನಷ್ಟಿದ್ದರೆ ವೇಗ ಶೇ. 50, ಒಂಬತ್ತು ಪಟ್ಟಿದ್ದರೆ ಶೇ. 90. ಮೆದುಳಿನ ಹೆಕ್ಸೊಕೈನೇಸ್‌ಗೆ ಗ್ಲೂಕೋಸಿನ ಕೆಎಂ 0.1 ಮಿಲಿಮೋಲಾರ್‌ಗಿಂತಲೂ ಕಡಿಮೆ. ಸಕ್ಕರೆ ಸ್ವಲ್ಪ ಇಳಿದರೂ ಅದು ಪೂರ್ತಿ ವೇಗದಲ್ಲೇ ಇರುತ್ತದೆ. ಯಕೃತ್ತಿನ ಗ್ಲೂಕೊಕೈನೇಸ್ ಅರ್ಧ ವೇಗಕ್ಕೆ ಬರುವುದು ಸುಮಾರು 8 ಮಿಲಿಮೋಲಾರ್‌ನಲ್ಲಿ. ಖಾಲಿ ಹೊಟ್ಟೆಯ ರಕ್ತದಲ್ಲಿ ಇರುವುದು ಸುಮಾರು 5. ಊಟವಾಗಿ ಸಕ್ಕರೆ ಏರಿದಂತೆ ಯಕೃತ್ತು ಹೆಚ್ಚು ಹೆಚ್ಚು ಗ್ಲೂಕೋಸ್ ಹಿಡಿಯುವುದು ಇದರಿಂದಲೇ. ಕೆಎಂ ಅಳೆಯುವವರು ಆರಂಭದ ವೇಗವನ್ನಷ್ಟೇ ತೆಗೆದುಕೊಳ್ಳಬೇಕು. ಸಬ್‌ಸ್ಟ್ರೇಟ್ ಶೇ. 10ಕ್ಕಿಂತ ಹೆಚ್ಚು ಖರ್ಚಾದ ಮೇಲಿನ ಅಳತೆ ದಾರಿ ತಪ್ಪಿಸುತ್ತದೆ.

ಪ್ರಶ್ನೆ: ಆಸ್ಪಿರಿನ್ ರಕ್ತದಲ್ಲಿ ಕೆಲವೇ ಗಂಟೆ ಇರುತ್ತದಂತೆ. ಹಾಗಿದ್ದೂ ಹೃದಯಕ್ಕಾಗಿ ದಿನಕ್ಕೊಂದು ಸಣ್ಣ ಮಾತ್ರೆ ಸಾಕಾಗುವುದು ಹೇಗೆ?

ಉತ್ತರ: ಆಸ್ಪಿರಿನ್, ರಕ್ತ ಹೆಪ್ಪುಗಟ್ಟಲು ನೆರವಾಗುವ ಸೈಕ್ಲೊಆಕ್ಸಿಜನೇಸ್ ಕಿಣ್ವದ ಸೆರೀನ್ ಎಂಬ ಒಂದು ಅಮೈನೋ ಆಮ್ಲಕ್ಕೆ ಅಸಿಟೈಲ್ ಗುಂಪನ್ನು ಶಾಶ್ವತವಾಗಿ ಅಂಟಿಸಿ ಹೋಗುತ್ತದೆ. ಔಷಧ ಹೋದರೂ ಅಡ್ಡಿ ಉಳಿಯುತ್ತದೆ. ಬೇರೆ ಜೀವಕೋಶಗಳು ಹೊಸ ಕಿಣ್ವ ಕಟ್ಟಿಕೊಳ್ಳುತ್ತವೆ. ರಕ್ತ ಹೆಪ್ಪುಗಟ್ಟಿಸುವ ಕಿರುಬಿಲ್ಲೆಗಳಿಗೆ ಕೋಶಕೇಂದ್ರವಿಲ್ಲ, ಅವು ಹೊಸ ಕಿಣ್ವ ಕಟ್ಟಲಾರವು, ಹಾಗಾಗಿ 7ರಿಂದ 10 ದಿನಗಳ ಅವುಗಳ ಇಡೀ ಆಯುಷ್ಯ ಹಾಗೇ ಕಳೆಯುತ್ತದೆ. ನೋವುನಿವಾರಕ ಐಬುಪ್ರೊಫೆನ್ ಕೂಡ ಆ ಸೆರೀನ್‌ಗೆ ಹೋಗುವ ಕಾಲುವೆಯಲ್ಲೇ ಕೂರುತ್ತದೆ, ಆದರೆ ಬಿಟ್ಟುಹೋಗುತ್ತದೆ. ಅದನ್ನು ಮೊದಲು ನುಂಗಿದ್ದರೆ ಆಸ್ಪಿರಿನ್‌ಗೆ ಸೆರೀನ್ ತಲುಪಲು ದಾರಿ ಸಿಗದೆ ಹೃದಯಕ್ಕಾಗಿ ತೆಗೆದುಕೊಂಡ ಮಾತ್ರೆ ನಿಷ್ಫಲವಾಗಬಹುದು. ಎರಡನ್ನೂ ಬಳಸುವವರು ಯಾವುದನ್ನು ಯಾವಾಗ ತೆಗೆದುಕೊಳ್ಳಬೇಕೆಂದು ವೈದ್ಯರನ್ನು ಕೇಳಲೇಬೇಕು.

ಪ್ರಶ್ನೆ: ವಿಟಮಿನ್‌ಗೂ ಕಿಣ್ವಕ್ಕೂ ಏನು ಸಂಬಂಧ?

ಉತ್ತರ: ಅಮೈನೋ ಆಮ್ಲಗಳಿಂದಷ್ಟೇ ಆಗದ ಕೆಲವು ರಸಾಯನ ಕೆಲಸಗಳಿಗೆ ಕಿಣ್ವ ಸಹಕಿಣ್ವವೆಂಬ ಸಹಾಯಕ ಅಣುವನ್ನು ಇಟ್ಟುಕೊಳ್ಳುತ್ತದೆ. ಬಿ ಗುಂಪಿನ ವಿಟಮಿನ್‌ಗಳಲ್ಲಿ ಹೆಚ್ಚಿನವು ಅದರ ಕಚ್ಚಾವಸ್ತು. ನಿಯಾಸಿನ್‌ನಿಂದ ಎನ್‌ಎಡಿ, ಥಯಮಿನ್‌ನಿಂದ ಥಯಮಿನ್ ಪೈರೊಫಾಸ್ಫೇಟ್, ಬಿ6ನಿಂದ ಪಿರಿಡಾಕ್ಸಲ್ ಫಾಸ್ಫೇಟ್. ಸಹಕಿಣ್ವ ಮತ್ತೆ ಮತ್ತೆ ಬಳಕೆಯಾಗುವುದರಿಂದ ವಿಟಮಿನ್ ದಿನಕ್ಕೆ ಮಿಲಿಗ್ರಾಂಗಳಷ್ಟೇ ಸಾಕು. ಕಿಣ್ವದಲ್ಲಿರುವ ಜಾಗ ಭರ್ತಿಯಾದ ಮೇಲೆ ಹೆಚ್ಚು ನುಂಗಿದರೆ ವೇಗ ಹೆಚ್ಚುವುದಿಲ್ಲ.

ಪ್ರಶ್ನೆ: ನುಂಗಿದ ಕಿಣ್ವದ ಮಾತ್ರೆ ಜಠರದಲ್ಲೇ ಜೀರ್ಣವಾಗುವುದಿಲ್ಲವೇ?

ಉತ್ತರ: ಹೊದಿಕೆ ಇಲ್ಲದಿದ್ದರೆ ಬಹುಪಾಲು ಕಿಣ್ವ ಕೆಡುತ್ತದೆ. ಮೇದೋಜೀರಕ ಗ್ರಂಥಿ ಸೋತವರಿಗೆ ಕೊಡುವ ಪ್ಯಾಂಕ್ರಿಯಾಟಿನ್‌ನಲ್ಲಿ ಕೊಬ್ಬು ಒಡೆಯುವ ಲೈಪೇಸ್ ಮುಖ್ಯ. ಪಿಎಚ್ 4ರ ಕೆಳಗೆ ಅದು ಮರಳಿ ಬಾರದಂತೆ ಕೆಡುತ್ತದೆ. ಅದಕ್ಕೇ ಅದರ ಸಣ್ಣ ಗುಳಿಗೆಗಳಿಗೆ ಸಣ್ಣ ಕರುಳಿನಲ್ಲಿ, ಸುಮಾರು ಪಿಎಚ್ 5.5 ದಾಟಿದ ಮೇಲೆ ಕರಗುವ ಹೊದಿಕೆ ಇರುತ್ತದೆ. ಅಗಿಯಬಾರದು, ಪುಡಿ ಮಾಡಬಾರದು. ಊಟದ ಜೊತೆಗೇ ತೆಗೆದುಕೊಳ್ಳಬೇಕು. ಒಂದು ಗಂಟೆ ಕಳೆದು ನುಂಗಿದರೆ ಆಹಾರ ಮುಂದೆ ಹೋಗಿರುತ್ತದೆ, ಕಿಣ್ವ ಹಿಂದೆ ಉಳಿಯುತ್ತದೆ. ಹಾಲಿನ ಸಕ್ಕರೆ ಒಗ್ಗದವರು ಬಳಸುವ ಲ್ಯಾಕ್ಟೇಸ್ ಸಾಮಾನ್ಯವಾಗಿ ಶಿಲೀಂಧ್ರದಿಂದ ಬಂದದ್ದು, ಸ್ವಲ್ಪ ಆಮ್ಲದಲ್ಲೂ ಕೆಲಸ ಮಾಡುತ್ತದೆ. ಅದನ್ನೂ ಹಾಲಿನ ಮೊದಲ ಗುಟುಕಿನ ಜೊತೆಗೇ ತೆಗೆದುಕೊಳ್ಳಬೇಕು. ಇಂಥ ನಿರ್ದಿಷ್ಟ ಕೊರತೆ ಇಲ್ಲದವರಿಗೆ ‘ಜೀರ್ಣಶಕ್ತಿ’ಗೆಂದು ಮಾರುವ ಕಿಣ್ವದ ಮಾತ್ರೆಯನ್ನು ನಾವು ಸೂಚಿಸುವುದಿಲ್ಲ.

ಪ್ರಶ್ನೆ: ರಕ್ತ ಪರೀಕ್ಷೆಯ ವರದಿಯಲ್ಲಿ ಎಎಲ್‌ಟಿ, ಎಎಸ್‌ಟಿ ಎಂಬ ಕಿಣ್ವಗಳನ್ನು ಮಿಲಿಗ್ರಾಂ ಬದಲು ‘ಯೂನಿಟ್’ನಲ್ಲಿ ಕೊಡುವುದೇಕೆ? ಎಎಸ್‌ಟಿ ಏರಿದರೆ ಯಕೃತ್ತಿನ ರೋಗವೇ?

ಉತ್ತರ: ಅಳೆಯುವುದು ಕಿಣ್ವದ ತೂಕವನ್ನಲ್ಲ, ಕೆಲಸವನ್ನು. ನಿಗದಿತ ಪರಿಸ್ಥಿತಿಯಲ್ಲಿ ನಿಮಿಷಕ್ಕೆ 1 ಮೈಕ್ರೋಮೋಲ್ ಸಬ್‌ಸ್ಟ್ರೇಟನ್ನು ಬದಲಿಸುವ ಕಿಣ್ವದ ಪ್ರಮಾಣ 1 ಯೂನಿಟ್. ಎಎಲ್‌ಟಿ ಪರೀಕ್ಷೆಯಲ್ಲಿ ಅಲನಿನ್‌ನಿಂದ ಪೈರುವೇಟ್ ಉಂಟಾಗುತ್ತದೆ. ಎರಡನೇ ಕಿಣ್ವವೊಂದು ಪೈರುವೇಟನ್ನು ಲ್ಯಾಕ್ಟೇಟ್ ಮಾಡುವಾಗ ಹೈಡ್ರೋಜನ್ ಹೊತ್ತ ಎನ್‌ಎಡಿ, ಅಂದರೆ ಎನ್‌ಎಡಿಎಚ್, ಖರ್ಚಾಗಿ ಎನ್‌ಎಡಿ ಆಗುತ್ತದೆ. 340 ನ್ಯಾನೊಮೀಟರ್ ಬೆಳಕನ್ನು ಎನ್‌ಎಡಿಎಚ್ ಹೀರುತ್ತದೆ, ಎನ್‌ಎಡಿ ಹೀರುವುದಿಲ್ಲ. ಹೀರಿಕೆ ಇಳಿಯುವ ವೇಗವೇ ಎಎಲ್‌ಟಿಯ ಅಳತೆ.

ಎಎಸ್‌ಟಿ ಯಕೃತ್ತಿನಲ್ಲಷ್ಟೇ ಅಲ್ಲ, ಹೃದಯ, ಸ್ನಾಯು, ಕೆಂಪು ರಕ್ತಕಣಗಳಲ್ಲೂ ಇದೆ. ರಕ್ತ ತೆಗೆಯುವಾಗ ಕಣಗಳು ಒಡೆದರೂ, ಹಿಂದಿನ ದಿನ ಕಠಿಣ ವ್ಯಾಯಾಮ ಮಾಡಿದ್ದರೂ ಅದು ಏರುತ್ತದೆ. ಎಎಲ್‌ಟಿ ಸಹಜವಾಗಿದ್ದು ಎಎಸ್‌ಟಿ ಮಾತ್ರ ಏರಿದ್ದರೆ ಸ್ನಾಯುವಿನ ಸಿಕೆ ಕಿಣ್ವವನ್ನು ನೋಡುವುದು, ಇಲ್ಲವೇ ಹೊಸ ಮಾದರಿ ಕೊಡುವುದು ರೂಢಿ. ಸುಳ್ಳು ಇಳಿಕೆಯೂ ಇದೆ. ಈ ಎರಡೂ ಕಿಣ್ವಗಳಿಗೆ ಪಿರಿಡಾಕ್ಸಲ್ ಫಾಸ್ಫೇಟ್ ಬೇಕು. ಬಿ6 ಕೊರತೆ ಇರುವವರ ರಕ್ತದಲ್ಲಿ ಕಿಣ್ವ ಇದ್ದರೂ ಸಹಕಿಣ್ವವಿಲ್ಲದೆ ಸುಮ್ಮನಿರುತ್ತದೆ, ಸಂಖ್ಯೆ ಕಡಿಮೆ ಬರುತ್ತದೆ. ಪರೀಕ್ಷಾ ದ್ರಾವಣಕ್ಕೆ ಪಿರಿಡಾಕ್ಸಲ್ ಫಾಸ್ಫೇಟ್ ಸೇರಿಸುವ ಪ್ರಯೋಗಾಲಯದ ಸಂಖ್ಯೆ ಸೇರಿಸದ ಪ್ರಯೋಗಾಲಯದ ಸಂಖ್ಯೆಗಿಂತ ಹೆಚ್ಚಿರಬಹುದು. ಆದ್ದರಿಂದ ಏರಿಳಿತ ಗಮನಿಸಬೇಕಾದವರು ಪ್ರತಿ ಸಲವೂ ಒಂದೇ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸುವುದು ಒಳ್ಳೆಯದು.